ಹಾಡಲು ಬಿಡದ ಗುಡಿ

ಬಸ್ಸು ಬಿಟ್ಟುಹೋದ ಊರು

ಈ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ನಾಲ್ಕು ಜನ ನೋಡಲು ಹೊರಡುತ್ತಾರೆ, ಬಾಗಿಲಲ್ಲಿ ಟಿಕೇಟು ಕೊಳ್ಳುತ್ತಾರೆ, ಅಲ್ಲಿಯ ಹಳೆಯ ಮಂದಿರವನ್ನು ಕಾಯುವ ಟ್ರಸ್ಟಿನವರು ಇನ್ನಷ್ಟು ಉಬ್ಬುತ್ತಾರೆ. ಅಷ್ಟು ಉಪಕಾರ ಮಾಡುವ ಮನಸ್ಸು ನನಗಿಲ್ಲ. ಉತ್ತರ ಇಂಗ್ಲೆಂಡಿನ ಬೋಳು ಗುಡ್ಡಗಳ ನಡುವೆ, ಹಿಂದೆ ಸೀಸದ ಗಣಿ ಇದ್ದ ಒಂದು ಹಳ್ಳಿ ಎಂದು ತಿಳಿದುಕೊಂಡರೆ ಸಾಕು.

ನಾವು ಅಲ್ಲಿಗೆ ಹೋಗಬೇಕೆಂದು ಹೋದವರೂ ಅಲ್ಲ. ಶಿರಸಿಯಿಂದ ಒಂದು ತಂಡ ಕಟ್ಟಿಕೊಂಡು ಇಂಗ್ಲೆಂಡು ನೋಡಲು ಹೊರಟಿದ್ದೆವು. ನಾನು ಯಲ್ಲಾಪುರದಲ್ಲಿ ಅಂಚೆ ಇಲಾಖೆಯ ಕೌಂಟರಿನ ಹಿಂದೆ ಕುಳಿತು, ಹೈವೇ ಲಾರಿಗಳ ಸದ್ದಿನ ಮೇಲೆ ಕೂಗಿ ಮಾತಾಡಿ ನಿವೃತ್ತಳಾದವಳು. ಜೊತೆಗೆ ಸುಶೀಲತ್ತಿಗೆ, ನಮ್ಮನೆಯವರ ಅಕ್ಕ. ಹೆಗಡೆಕಟ್ಟಾದಿಂದ ಇನ್ನೂ ಒಳಗಿರುವ ನಮ್ಮ ಕೇರಿಯಲ್ಲೇ ಹುಟ್ಟಿ, ಅದೇ ಕೇರಿಗೆ ಮದುವೆಯಾದವಳು. ಇಂಗ್ಲಿಷು ಬಾರದು. ಬಾರದು ಎಂಬ ಸಂಕೋಚ ಮೊದಲೇ ಇಲ್ಲ. ವಿಮಾನದಲ್ಲಿ ಗಗನಸಖಿಗೆ "ತಂಗೀ, ಒಂಚೂರು ಬಿಸಿನೀರು ಕೊಡೇ" ಎಂದು ಕೇಳಿ ತರಿಸಿಕೊಂಡ ಹೆಂಗಸು ಅವಳು.

ಆ ಹಳ್ಳಿಯಲ್ಲಿ ಬಸ್ಸು ನಿಂತದ್ದು ಚಹಾಕ್ಕೆ. ಇಳಿಯುವಾಗ ಅತ್ತಿಗೆ ಕುರಿಮರಿ ನೋಡುತ್ತ ಕಾಲಿಟ್ಟಳು. ಮೆಟ್ಟಿಲು ಮುಗಿದಿರಲಿಲ್ಲ. "ಸರೋಜಾ, ಕಾಲು ಹೋತೇ!" ಎಂದು ಕೂಗಿ ಅಲ್ಲೇ ಕುಳಿತುಬಿಟ್ಟಳು. ಮೂಳೆ ಮುರಿದಿರಲಿಲ್ಲ, ಪಾದ ಮಾತ್ರ ಬಾತುಕೊಂಡಿತ್ತು. ನಾಲ್ಕು ದಿನ ನೆಲಕ್ಕೆ ಊರಬೇಡಿ ಎಂದು ಡಾಕ್ಟರು ಹೇಳಿದರು. ಸ್ಕಾಟ್ಲೆಂಡಿನಿಂದ ಸೋಮವಾರ ಹಿಂತಿರುಗುವಾಗ ಕರೆದುಕೊಂಡು ಹೋಗುವುದಾಗಿ ಹೇಳಿ ತಂಡದವರು ಹೊರಟರು. ಬಸ್ಸಿನಿಂದ ಎಲ್ಲರೂ ಕೈ ಬೀಸಿದರು. ಮುಖದಲ್ಲಿ ಮರುಕ ಇತ್ತು, ಹಿಂದಿನ ಎರಡು ಸೀಟು ಖಾಲಿಯಾದ ಸಂತೋಷವೂ ಇತ್ತು.

ನಾವು ಉಳಿದುಕೊಂಡ ಮನೆಯ ಯಜಮಾನಿ ಬಹಳ ಒಳ್ಳೆಯವಳು. ಅವಳ ನಾಯಿಗೆ ಸೋಫಾದ ಮೇಲೆ ಸ್ವಂತ ಜಾಗ ಇತ್ತು. ನಮಗೆ ಕೂರಲು ಕುರ್ಚಿ ತರುವ ಮೊದಲು ಅವಳು ನಾಯಿಯ ಕಡೆ ತಿರುಗಿ ಅದಕ್ಕೇನಾದರೂ ತೊಂದರೆಯಿದೆಯೇ ಎಂದು ವಿಚಾರಿಸಿದಳು. ಆ ದೇಶದ ನಯ ವಿನಯಕ್ಕೆ ನಾನು ಅಲ್ಲಿಂದಲೇ ಸ್ವಲ್ಪ ಸ್ವಲ್ಪ ಸಿಟ್ಟಾಗಲು ಸುರುಮಾಡಿದೆ.

ಶುಕ್ರವಾರ: ಬರಿಗಾಲಿಗೆ ಚೀಲ

ಅತ್ತಿಗೆ ಕಾಲು ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕುಳಿತಳು. "ಆನು ಇಲ್ಲೇ ಇರ್ತೆ. ನೀ ಎಂತಾರೂ ನೋಡ್ಕ ಬಾ. ಬಂದು ಪೂರಾ ಹೇಳವು" ಎಂದಳು. ಆ ಊರಲ್ಲಿ ನೋಡಲು ಇದ್ದದ್ದು ಒಂದೇ, ಏರಿನ ತುದಿಯಲ್ಲಿದ್ದ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದವರ ಪ್ರಾರ್ಥನಾಮಂದಿರ. ಆ ಪಂಥದ ಮೊದಮೊದಲ ಕಟ್ಟಡಗಳಲ್ಲಿ ಒಂದಂತೆ. ಹೋಗುವಾಗ ನನಗೆ ಶಿರಸಿಯ ಚರ್ಚಿನಂಥ ಗೋಪುರ, ಗಂಟೆ ಎಲ್ಲ ಮನಸ್ಸಿನಲ್ಲಿತ್ತು. ಅಲ್ಲಿ ಅಂಥದ್ದೇನೂ ಇಲ್ಲ. ಕಲ್ಲಿನ ಗೋಡೆ, ಉದ್ದ ಕಿಟಕಿ, ಗಂಡಸರಿಗೊಂದು ಹೆಂಗಸರಿಗೊಂದು ಎಂದು ಎರಡು ಬಾಗಿಲು. ದೊಡ್ಡ ಕಣಜವೊಂದಕ್ಕೆ ಕಿಟಕಿ ಇಟ್ಟ ಹಾಗಿತ್ತು. ನನಗೆ ನೋಡಿದ ಕೂಡಲೇ ಇಷ್ಟವಾಯಿತು.

ಹೊರಗೆ ಬೋರ್ಡಿನಲ್ಲಿ ಬರೆದಿದ್ದನ್ನು ಓದಿದೆ. ಈ ಪಂಥ ಹುಟ್ಟುಹಾಕಿದವನಿಗೆ ಅಂದಿನ ದೊಡ್ಡ ಚರ್ಚುಗಳವರು ಬಾಗಿಲು ಹಾಕಿದ್ದರಂತೆ. ಅವನು ಕುದುರೆಯ ಮೇಲೆ ಊರೂರು ತಿರುಗಿ, ಬಯಲಲ್ಲಿ, ಸಂತೆಯಲ್ಲಿ, ಗಣಿಯ ಬಾಯಲ್ಲಿ ನಿಂತು ಉಪದೇಶ ಮಾಡಿದನಂತೆ. ಈ ಊರಿನ ಗಣಿಯ ಕುಳಿಯೊಂದರಲ್ಲಿ ನಿಂತು ಅವನ ಶಿಷ್ಯನೊಬ್ಬ ಮಾತಾಡಿದ ಮೇಲೆ ಕೂಲಿಯವರೇ ಕಲ್ಲು ಹೊತ್ತು ಈ ಕಟ್ಟಡ ಕಟ್ಟಿದರಂತೆ. ಅವರಿಗೆ ಓದು ಬರೆಹ ಬರುತ್ತಿರಲಿಲ್ಲ, ಹಾಡು ಬರುತ್ತಿತ್ತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಇದನ್ನು ಮುಂದಿನ ಪೀಳಿಗೆಗಾಗಿ ಕಾಪಾಡಲಾಗುತ್ತಿದೆ ಎಂದಿತ್ತು.

ದೇವರ ಮನೆ ಎಂದ ಮೇಲೆ ನನ್ನ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಬಾಗಿಲಲ್ಲಿ ಒಬ್ಬ ಮಹಾಶಯ ನಿಂತಿದ್ದ. ಕೊರಳಲ್ಲಿ ಟ್ರಸ್ಟಿನ ಬಿಲ್ಲೆ ತೂಗುತ್ತಿತ್ತು. ನನ್ನ ಚಪ್ಪಲಿ ನೋಡಿ, ನನ್ನ ಬರಿಗಾಲು ನೋಡಿ, ಬಹಳ ನಯವಾಗಿ ಕ್ಷಮೆ ಕೇಳಿ, ಎರಡು ನೀಲಿ ಪ್ಲಾಸ್ಟಿಕ್ ಚೀಲ ಮುಂದೆ ಹಿಡಿದ. ಹಳೆಯ ಹಲಗೆ ಸವೆಯಬಾರದೆಂದು ಬೂಟಿನ ಮೇಲೆ ಹಾಕಿಕೊಳ್ಳುವ ಚೀಲ ಅದು. "ನನ್ನ ಕಾಲಲ್ಲಿ ಬೂಟೇ ಇಲ್ಲವಲ್ಲ" ಎಂದೆ. ನಿಯಮ ಎಲ್ಲರಿಗೂ ಒಂದೇ ಎಂದ. ಬರಿಗಾಲಿಗೆ ಚೀಲ ಸಿಕ್ಕಿಸಿಕೊಂಡು ಒಳಗೆ ಹೋದೆ. ನಡೆದರೆ ಚರ್ ಚರ್ ಸದ್ದು, ಪಾದ ಬೆವರಿ ಜಾರುತ್ತಿತ್ತು. ಬೀಳದೆ ಇದ್ದದ್ದು ಆ ದೇವರ ದಯೆ.

ಒಳಗೆ ಕಾಲಿಟ್ಟ ಕೂಡಲೇ ಎಲ್ಲಿಂದಲೋ ಧಡಕ್ಕನೆ ಸಂಗೀತ ಸುರುವಾಯಿತು. ಬೆಚ್ಚಿಬಿದ್ದೆ. ಯಾರೋ ಹಾಡುತ್ತಿದ್ದಾರೆಂದು ಸುತ್ತ ನೋಡಿದರೆ ಒಬ್ಬರೂ ಇಲ್ಲ. ಜನ ಬಂದದ್ದು ಗೊತ್ತಾಗಿ ತಾನಾಗಿ ಹಾಡುವ ಪೆಟ್ಟಿಗೆ ಅದು. ಬೇಕಾದರೆ ಒತ್ತಲು ಕಂಬಕ್ಕೆ ಒಂದು ಬಟನ್ನೂ ಇತ್ತು. ನೂರಾರು ಕಂಠ, ಹಿಂದೆ ಗುಡುಗುವ ಆರ್ಗನ್. ಕೇಳಲು ಚೆನ್ನಾಗಿಯೇ ಇತ್ತು.

"ನಮ್ಮಲ್ಲಿ ಯಾವತ್ತೂ ಆರ್ಗನ್ ಇರಲಿಲ್ಲ" ಎಂದಿತು ಒಂದು ದನಿ.

ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಸಣ್ಣ ಜೀವ, ಕೂದಲೆಲ್ಲ ಹತ್ತಿ. ಅವಳ ಕಾಲಿಗೂ ನೀಲಿ ಚೀಲ. ಹೆಸರು ಎಡಿತ್. ಆ ಮಂದಿರದಲ್ಲೇ ಹೆಸರಿಡಿಸಿಕೊಂಡು, ಮದುವೆಯಾಗಿ, ಗಂಡನನ್ನು ಅಲ್ಲಿಂದಲೇ ಸ್ಮಶಾನಕ್ಕೆ ಕಳಿಸಿದವಳು. ಅವಳ ತಂದೆ, ಅವನ ತಂದೆ, ಅದಕ್ಕೂ ಹಿಂದಿನವರು ಇಲ್ಲಿ ಹಾಡು ಹೇಳಿಕೊಡುತ್ತಿದ್ದರಂತೆ. ಹೇಳಿಕೊಡುವುದೆಂದರೆ, ಒಬ್ಬ ಎದ್ದು ನಿಂತು ಒಂದು ಸಾಲು ಹೇಳಬೇಕು. ಓದಲು ಬಾರದ ಉಳಿದವರು ಅದನ್ನು ಹಿಡಿದು ಹಾಡಬೇಕು. ಮತ್ತೆ ಮುಂದಿನ ಸಾಲು.

"ನಾವೂ ಹಾಗೆಯೇ ಹಾಡುವುದು" ಎಂದೆ. "ನೀವು ಈಗಲೂ ಹಾಡುತ್ತೀರಾ?" ಎಂದು ಕೇಳಿದೆ.

ಅವಳು ಮೇಲೆ ಕೈ ತೋರಿಸಿದಳು. ಛಾವಣಿಯ ಹಳೆಯ ಗಾರೆಯಲ್ಲಿ ಸೀಳು ಬಿಟ್ಟಿತ್ತು. ಹಾಡಿದರೆ, ಜನ ಕೂಡಿ ಉಸಿರಾಡಿದರೆ, ಗಾರೆಗೆ ಒಳ್ಳೆಯದಲ್ಲವಂತೆ. ಟ್ರಸ್ಟಿನವರು ಕಟ್ಟಡ ತೆಗೆದುಕೊಂಡ ಮೇಲೆ ಪ್ರಾರ್ಥನೆ ನಿಂತಿತು, ಹಾಡು ನಿಂತಿತು. ಹಾಡು ಬೇಕಾದವರಿಗೆ ಬಟನ್ ಇದೆ.

ಶನಿವಾರ: ಎಡಿತಮ್ಮನ ಅಡುಗೆಮನೆ

ನಾನು ಬಂದು ಎಲ್ಲ ಹೇಳಿದಾಗ ಅತ್ತಿಗೆಗೆ ನಂಬಿಕೆಯೇ ಆಗಲಿಲ್ಲ. "ಹಾಡ್ಲಾಗ ಹೇಳಿ? ಎಂತಕ್ಕೆ, ದೇವ್ರಿಗೆ ಕಿವಿ ನೋವ್ತಡಾ?" ಎಂದಳು. ಗಾರೆ ಉದುರುತ್ತದಂತೆ ಎಂದೆ. "ಉದುರಿರೆ ಮತ್ತೆ ಬಳಿಯವು. ಅದಕ್ಕೆ ಬಾಯಿ ಹೊಲಿಯದಾ?" ಎಂದಳು. ಟ್ರಸ್ಟಿನ ಅಷ್ಟೂ ತಜ್ಞರಿಗೆ ಕೇಳಬೇಕಾಗಿದ್ದ ಪ್ರಶ್ನೆ ಅದೇ. ಆದರೆ ಅವರ ಸಭೆಗೆ ಅತ್ತಿಗೆಯನ್ನು ಯಾರು ಕರೆಯುತ್ತಾರೆ?

ಎಡಿತ್ ಇಬ್ಬರನ್ನೂ ಚಹಾಕ್ಕೆ ಕರೆದಿದ್ದಳು. ಮನೆಯೊಡತಿ ಒಂದು ಊರುಗೋಲು ಕೊಟ್ಟಳು. ಅತ್ತಿಗೆ ಅದನ್ನು ಹಿಡಿದು ಊರ ಪಟೇಲನ ಗತ್ತಿನಲ್ಲಿ ಕುಂಟುತ್ತ ಬಂದಳು. ಎಡಿತಳ ಅಡುಗೆಮನೆ ನಮ್ಮ ದೇವರ ಗೂಡಿನಷ್ಟೇ ಇತ್ತು. ಚಹಾದ ಕೆಟಲಿಗೆ ಉಣ್ಣೆಯ ಟೊಪ್ಪಿ ಹಾಕಿದ್ದಳು. ಹಾಲು ಬೇರೆ, ಸಕ್ಕರೆ ಬೇರೆ, ಕಷಾಯದಂಥ ಚಹಾ ಬೇರೆ. ಅತ್ತಿಗೆ ತನ್ನ ಚೀಲದಿಂದ ಚಕ್ಕುಲಿ ತೆಗೆದಿಟ್ಟಳು. ಎಡಿತ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಎಲ್ಲಿಂದ ಸುರುಮಾಡಬೇಕೆಂದು ಕೇಳಿದಳು.

ನಾನು ನಮ್ಮ ಮಂಡಳಿಯ ಬಗ್ಗೆ ಹೇಳಿದೆ. ನಮ್ಮ ಕೇರಿಯಲ್ಲಿ ಅಮ್ಮನವರ ಗುಡಿ ಇದೆ. ಶುಕ್ರವಾರ ಸಂಜೆ ಹೆಂಗಸರು ಕೂಡಿ ಹಾಡುತ್ತೇವೆ. ನನ್ನ ಅತ್ತೆಯ ಕಾಲದಲ್ಲಿ ಅರ್ಧ ಜನರಿಗೆ ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ ಒಬ್ಬರು ಮುಂದೆ ಹೇಳುವುದು, ಉಳಿದವರು ಹಿಂದೆ ಹೇಳುವುದು. ಅತ್ತೆಯದು ಒಂದು ಕಟ್ಟುನಿಟ್ಟು ಇತ್ತು: ಮುಂದೆ ಹೇಳಿದ ಸಾಲನ್ನು ಒಂಟಿಯಾಗಿ ಬಿಡಕೂಡದು. ಕಿವಿಗೆ ಬಿದ್ದರೆ ಯಾರಿದ್ದರೂ ಎಲ್ಲಿದ್ದರೂ ಹಿಂದೆ ಹೇಳಲೇಬೇಕು. ಬಾವಿಕಟ್ಟೆಯಲ್ಲಿದ್ದವಳು ಹಗ್ಗ ಹಿಡಿದುಕೊಂಡೇ ಹೇಳುತ್ತಿದ್ದಳು, ಬಚ್ಚಲಲ್ಲಿದ್ದವಳು ಬಚ್ಚಲಿಂದಲೇ ಹೇಳುತ್ತಿದ್ದಳು. ಈಗ ನಾನು ಮುಂದೆ ಹೇಳುತ್ತೇನೆ, ಸುಶೀಲತ್ತಿಗೆ ಶ್ರುತಿ ತಪ್ಪಿದರೆ ಬೈಯುತ್ತಾಳೆ.

ಎಡಿತ್ ನಕ್ಕಳು. ನಾಳೆ ಮಂದಿರದ ವಾರ್ಷಿಕದ ದಿನ ಎಂದಳು. ಆ ದಿನ ಅವಳ ಮನೆಯವರೇ ಮೊದಲ ಸಾಲು ಹೇಳುವುದು ರೂಢಿ. ತಂದೆಯ ಕೊನೆಯ ವರ್ಷ ಅವನಿಗೆ ದನಿ ಏಳದೆ, ನಡುವೆ ನಿಂತು, ಇವಳ ಕಡೆ ನೋಡಿದನಂತೆ. ಇವಳು ಎದ್ದು ಆ ಸಾಲು ಪೂರ್ತಿ ಮಾಡಿದಳಂತೆ. ಅಂದಿನಿಂದ ಇವಳೇ. ಇವಳ ನಂತರ ಯಾರೂ ಇಲ್ಲ. ಈ ಸಲ ಒಂದೇ ಒಂದು ಹಾಡು, ಒಂದೇ ಸಲ ಎಂದು ಟ್ರಸ್ಟಿಗೆ ಕೇಳಿಕೊಂಡಿದ್ದಳು. ಅವರು ಆಗುವುದಿಲ್ಲ ಎನ್ನುವುದನ್ನು ಎರಡು ಪುಟ ತುಂಬ ಸವಿಮಾತಿನಲ್ಲಿ ತಿಳಿಸಿದ್ದರು. ಯಲ್ಲಾಪುರದ ಕೌಂಟರಿನಲ್ಲಿ ನಾನು "ಆಗೋದಿಲ್ಲ" ಎಂದರೆ ಒಂದೇ ಮಾತು. ಬೈಸಿಕೊಂಡಿದ್ದೇನೆ, ಆದರೆ ಎದುರಿನವರನ್ನು ಅಷ್ಟು ಹೊತ್ತು ಆಸೆಯಲ್ಲಿ ಇಟ್ಟವಳಲ್ಲ.

"ಆದರೂ ಛಾವಣಿ ಉಳಿಸಿದ್ದು ಅವರೇ" ಎಂದಳು ಎಡಿತ್. ಅದನ್ನು ನಾನೂ ಇಲ್ಲಿ ಹೇಳಬೇಕು. ಮಂದಿರದಲ್ಲಿ ಉಳಿದವರು ಬೆರಳೆಣಿಕೆಯ ಮುದುಕರು, ಮಳೆನೀರು ಒಳಗೆ ಬೀಳುತ್ತಿತ್ತು. ಟ್ರಸ್ಟು ಬರದಿದ್ದರೆ ಅದನ್ನು ಯಾರೋ ಕೊಂಡು ಮನೆ ಮಾಡಿಕೊಳ್ಳುತ್ತಿದ್ದರು. ಪಕ್ಕದ ಊರಿನ ಇಂಥದ್ದೇ ಮಂದಿರದಲ್ಲಿ, ಉಪದೇಶ ಮಾಡುವ ಕಟ್ಟೆ ಇದ್ದಲ್ಲಿ ಈಗ ಸ್ನಾನದ ತೊಟ್ಟಿ ಇದೆಯಂತೆ. ಅದನ್ನು ಹೇಳಿ ಎಡಿತ್ ಕಣ್ಣು ಮುಚ್ಚಿಕೊಂಡಳು.

ನಾನು ಸಮಾಧಾನಕ್ಕೆಂದು ನಮ್ಮ ಸುದ್ದಿ ಹೇಳಿದೆ. ನಾವು ಪ್ರವಾಸ ಹೊರಡುವ ಮೊದಲಷ್ಟೇ ನಮ್ಮ ಗುಡಿಯ ಕಮಿಟಿಯವರು ನಮ್ಮನ್ನೆಲ್ಲ ವ್ಯಾನಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದು, ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಮಾಡಿಸಿದ್ದರು. ಅಧ್ಯಕ್ಷ ಗಣಪತಿ, ನಮ್ಮ ಭಾವನ ಮಗ, ಕೂಲರ್ ಮುಂದೆ ಕೂರಿಸಿ ಐಸ್‌ಕ್ರೀಮು ಕೊಡಿಸಿದ್ದ. ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ ಎಂದೆ.

ಎಡಿತ್ ಕಪ್ಪನ್ನು ಕೆಳಗಿಟ್ಟಳು. "ನಮ್ಮದನ್ನೂ ಮೊದಲು ರೆಕಾರ್ಡ್ ಮಾಡಿಕೊಂಡರು" ಎಂದಳು. "ಆಮೇಲೆ ಸ್ವರ ಸರಿ ಇಲ್ಲವೆಂದು ಪಟ್ಟಣದ ಗಾಯಕರನ್ನು ತಂದು ಹಾಡಿಸಿದರು. ಆರ್ಗನ್ ಸೇರಿಸಿದರು."

ಆಗ ನನಗೆ ಅವಳ ಮಾತು ಪೂರ್ತಿ ತಟ್ಟಲಿಲ್ಲ. ನಮ್ಮೂರಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದುಕೊಂಡೆ. ಎಡಿತ್ ತನ್ನ ಹಾಡಿನ ಧಾಟಿ ಹೇಳಿದಳು. ನಿಧಾನ, ಏರಿ ಏರಿ ಇಳಿಯುವ ಧಾಟಿ. ಅತ್ತಿಗೆ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿ, "ಇದು ನಮ್ಮ ಆರತಿ ಹಾಡಿನ ನಡೆಯೇಯಾ" ಎಂದು ತೀರ್ಪು ಕೊಟ್ಟಳು. ಸಂಜೆಯವರೆಗೆ ಅದನ್ನೇ ಹಾಡಿದೆವು. ಶಬ್ದ ಹಿಡಿಯಲಿಲ್ಲ, ಧಾಟಿ ಹಿಡಿಯಿತು.

ಭಾನುವಾರ: ಬಟನ್ ಒತ್ತಿದ ಮೇಲೆ

ವಾರ್ಷಿಕವನ್ನು ಟ್ರಸ್ಟಿನವರು ತಮ್ಮ ಸಮಾರಂಭ ಮಾಡಿಕೊಂಡಿದ್ದರು. ಪಟ್ಟಣದಿಂದ ಕಾರುಗಳು ಬಂದಿದ್ದವು. ಎಲ್ಲರ ಕಾಲಿಗೂ ನೀಲಿ ಚೀಲ, ದೊಡ್ಡ ದೊಡ್ಡ ಜನ ಚರ್ ಚರ್ ಎಂದು ಓಡಾಡುತ್ತಿದ್ದರು. ಎಡಿತ್ ಮತ್ತು ಅವಳ ಜೊತೆಯ ಮುದುಕರಿಗೆ ಹಿಂದಿನ ಬೆಂಚು. ನಾವಿಬ್ಬರೂ ಅವರೊಟ್ಟಿಗೆ ಕುಳಿತೆವು. ಅತ್ತಿಗೆ ರೇಷ್ಮೆ ಸೀರೆ ಉಟ್ಟಿದ್ದಳು. ದೇವಕಾರ್ಯ ಎಂದ ಮೇಲೆ ಊರು ಯಾವುದಾದರೇನು ಎಂಬುದು ಅವಳ ವಾದ.

ಮೊದಲ ಅನಾಹುತ ತಟ್ಟೆಯಲ್ಲಿ ಬಂತು. ಒಬ್ಬಳು ಹುಡುಗಿ ಗಾಜಿನ ಲೋಟಗಳಲ್ಲಿ ವೈನು ಹಂಚುತ್ತ ಬಂದಳು. ಎಡಿತಳ ಮುಖ ಕೆಂಪಾಯಿತು. ಕುಡಿತಕ್ಕೆ ಬೆನ್ನು ತಿರುಗಿಸಿ ಬದುಕಿದ ಜನ ಅವರು. ಕೂಲಿಯವರು ಹೆಂಡದಂಗಡಿ ಬಿಟ್ಟು ಬಂದು ಕುಳಿತ ಬೆಂಚುಗಳವು. ನಮ್ಮ ಅಮ್ಮನ ಗುಡಿಯಲ್ಲಿ ಪಾನಕದ ಬದಲು ಬಿಯರ್ ಹಂಚಿದರೆ ನನಗೆ ಹೇಗಾದೀತು? ಒಬ್ಬ ಮುದುಕ ಮೆಲ್ಲಗೆ ಬಿಲ್ಲೆಯ ಮಹಾಶಯನಿಗೆ ಹೇಳಿದ. ಮಹಾಶಯ ಹಣೆ ಮುಟ್ಟಿಕೊಂಡು, ಕ್ಷಮಿಸಿ, ಕ್ಷಮಿಸಿ, ಕಿತ್ತಳೆ ರಸವೂ ಇದೆ ಎಂದ. ಹಲಗೆಗೆ ಬೂಟು ತಾಗಬಾರದೆಂದು ಗೊತ್ತಿದ್ದವನಿಗೆ ಇಷ್ಟು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಬೆಂಚಿನಲ್ಲಿದ್ದವರನ್ನು ಕೇಳಿದ್ದರೆ ಸಾಕಿತ್ತು.

ಭಾಷಣವಾಯಿತು. ಮುಂದಿನ ಪೀಳಿಗೆ, ಮುಂದಿನ ಪೀಳಿಗೆ. ಆ ಮಾತು ಬಂದಾಗಲೆಲ್ಲ ನನಗೆ ರೇಗುತ್ತಿತ್ತು. ಹುಟ್ಟದೇ ಇರುವವರಿಗಾಗಿ ಇಷ್ಟು ಕಳವಳ, ಉಸಿರಾಡುತ್ತ ಹಿಂದೆ ಕುಳಿತವರನ್ನು ಒಮ್ಮೆ ತಿರುಗಿ ನೋಡಲಿಲ್ಲ. ಇವರು ಹಾಡದಿದ್ದರೆ ಮುಂದಿನವರಿಗೆ ಉಳಿಯುವುದು ಏನು, ಗಾರೆ ಮಾತ್ರವೇ?

ಕೊನೆಗೆ ಮಹಾಶಯ ಬಟನ್ ಒತ್ತಿದ. ಆರ್ಗನ್ ಗುಡುಗಿತು, ಕಾಣದ ನೂರು ಜನ ಹಾಡಿದರು, ಬಂದವರೆಲ್ಲ ತಲೆದೂಗಿದರು. ಹಾಡು ಮುಗಿಯಿತು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಎಲ್ಲರೂ ಅನುಮಾನಿಸುತ್ತಿರುವಾಗ ನನ್ನ ಪಕ್ಕದಲ್ಲಿ ಬಟ್ಟೆಯ ಸರಬರ ಸದ್ದಾಗಿ ಯಾರೋ ಎದ್ದರು.

ಎಡಿತ್ ಮುಂದಿನ ಬೆಂಚಿನ ಬೆನ್ನು ಹಿಡಿದು ನಿಂತಿದ್ದಳು. ನಿಂತು ಸಾಲು ಹೇಳಿದಳು. ತೆಳ್ಳಗಿನ ದನಿ, ನಡುವೆ ಒಡೆಯಿತು, ಆದರೆ ಕೊನೆಯವರೆಗೆ ಹೋಯಿತು.

ಮಹಾಶಯ ಎರಡೂ ಕೈ ಮುಂದೆ ಮಾಡಿಕೊಂಡು ಬಂದ. "ಎಡಿತ್, ದಯವಿಟ್ಟು. ನಾವು ಇದನ್ನು ಮಾತಾಡಿಕೊಂಡಿದ್ದೇವಲ್ಲ" ಎಂದ. ಅವಳ ಜೊತೆಯವರು ತಲೆ ತಗ್ಗಿಸಿದರು. ಅವರು ಸಭ್ಯ ಜನ, ಜೀವಮಾನವಿಡೀ ಹೇಳಿದ್ದು ಕೇಳಿ ಬದುಕಿದವರು. ಯಾರೂ ಬಾಯಿ ತೆರೆಯಲಿಲ್ಲ. ಸಾಲು ಅಲ್ಲಿ, ಆ ಬೆಳ್ಳನೆಯ ಗೋಡೆಗಳ ನಡುವೆ, ಒಂಟಿಯಾಗಿ ನಿಂತಿತು.

ನಾನು ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ಧೈರ್ಯ ಎನ್ನಬಹುದಿತ್ತು. ಎಷ್ಟೋ ವರ್ಷ ಅತ್ತೆಯ ಕೈಕೆಳಗೆ ಪಳಗಿದ ಗಂಟಲು ಅದು, ನನ್ನನ್ನು ಕೇಳದೆ ಹೇಳಿಬಿಟ್ಟಿತು. ಶಬ್ದ ಒಂದೂ ಸರಿ ಇರಲಿಲ್ಲ. ಯಾವ ಇಂಗ್ಲಿಷು ಹಾಡಿದೆನೋ ಆ ದೇವರಿಗೇ ಗೊತ್ತು. ಧಾಟಿ ಮಾತ್ರ ಸರಿಯಾಗಿತ್ತು, ದನಿಯೋ ಲಾರಿ ಸದ್ದಿನ ಮೇಲೆ ಕೇಳುವ ದನಿ. ನಾನು ಅರ್ಧ ದಾಟುವಷ್ಟರಲ್ಲಿ ಸುಶೀಲತ್ತಿಗೆ ಊರುಗೋಲು ಕುಟ್ಟಿ ಎದ್ದು ಸೇರಿಕೊಂಡಳು. ಅವಳಿಗೆ ಶಬ್ದದ ಹಂಗೇ ಇಲ್ಲ, ಅಮ್ಮನವರ ಹೆಸರನ್ನೇ ಆ ಧಾಟಿಗೆ ಕೂರಿಸಿ ಹಾಡಿದಳು.

ಮೇಲೆ ನೋಡಿದೆ. ಗಾರೆ ಉದುರಲಿಲ್ಲ.

ಗಣಿಯ ಕುಳಿ

ನಮ್ಮನ್ನು ಹೊರಗೆ ಕಳಿಸಿದರು. ಕಳಿಸಿದರು ಎಂದರೆ ಅಲ್ಲಿಯವರು ಒಪ್ಪುವುದಿಲ್ಲ. ಬಾಗಿಲವರೆಗೆ ಜೊತೆಗೆ ಬಂದು, ಸುರಕ್ಷತೆಯ ದೃಷ್ಟಿಯಿಂದ, ನಿಮ್ಮ ಸಹಕಾರಕ್ಕೆ ಧನ್ಯವಾದ ಎಂದು ಬಾಗಿಲು ಮುಚ್ಚಿಕೊಂಡರು. ನಾನು ಕಾಲಿನ ಚೀಲ ಕಿತ್ತು ಮಹಾಶಯನ ಕೈಗೇ ಕೊಟ್ಟೆ. ಅತ್ತಿಗೆ ಅವನಿಗೆ ಕನ್ನಡದಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅವನು ತಲೆಯಾಡಿಸಿ ಥ್ಯಾಂಕ್ಯೂ ಎಂದ.

ಎಡಿತ್ ಮೆಟ್ಟಿಲ ಮೇಲೆ ನಿಂತು ನಡುಗುತ್ತಿದ್ದಳು. ಅಳುತ್ತಾಳೆಂದು ಹೆದರಿದೆ. ಅವಳು ನಗುತ್ತಿದ್ದಳು. "ಒಂದು ಸಾಲಂತೂ ಒಳಗೆ ಆಯಿತು" ಎಂದಳು. ಆಮೇಲೆ ಮಂದಿರದ ಹಿಂದಿನ ಇಳಿಜಾರಿನಲ್ಲಿ ನಡೆಯತೊಡಗಿದಳು. ಒಬ್ಬ ಮುದುಕ ಹಿಂದೆ ಬಂದ, ಆಮೇಲೆ ಇಬ್ಬರು ಹೆಂಗಸರು. ಉಳಿದವರು ಬರಲಿಲ್ಲ.

ಹುಲ್ಲು ಬೆಳೆದ ದೊಡ್ಡ ಕುಳಿ. ಬೋರ್ಡಿನಲ್ಲಿ ಓದಿದ್ದ ಗಣಿಯ ಬಾಯಿ ಅದೇ. ಮೊದಲ ಉಪದೇಶ ನಡೆದದ್ದು ಅಲ್ಲೇ. ಅಂದು ದೊಡ್ಡವರ ಚರ್ಚಿನ ಬಾಗಿಲು ಹಾಕಿತ್ತೆಂದು ಆ ಜನ ಈ ಕುಳಿಗೆ ಬಂದಿದ್ದರು. ಇಂದು ಅವರೇ ಕಟ್ಟಿದ ಮಂದಿರದ ಬಾಗಿಲು ಹಾಕಿ ಅವರ ಮಕ್ಕಳನ್ನು ಅದೇ ಕುಳಿಗೆ ಕಳಿಸಿದ್ದಾರೆ. ಇದಕ್ಕೆ ಪರಂಪರೆಯ ರಕ್ಷಣೆ ಎಂದು ಹೆಸರು. ನನಗೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡಲು ನಾನು ಯತ್ನಿಸಲೂ ಇಲ್ಲ.

ಗಾಳಿ ಬೀಸುತ್ತಿತ್ತು. ಎಡಿತ್ ಸಾಲು ಹೇಳಿದಳು, ನಾವು ಹಿಡಿದೆವು. ಕುರಿಗಳು ಮೇಯುವುದು ಬಿಟ್ಟು ನೋಡಿದವು. ಹಾಡು ಕೊನೆಯವರೆಗೆ ಆಯಿತು. ಆಮೇಲೆ ಎಡಿತ್ ನನ್ನ ಕಡೆ ಕೈಮಾಡಿ, "ಈಗ ನಿನ್ನದು" ಎಂದಳು. ನಾನು ನಮ್ಮ ಶುಕ್ರವಾರದ ಹಾಡು ತೆಗೆದೆ, ಅತ್ತೆ ಕಲಿಸಿದ್ದು:

ಹೊಸ್ತಿಲಿಗೆ ನೀರೆರೆದು ಕಾದೆವೇ ತಾಯಿ
ಹೊತ್ತು ಮುಳುಗುವ ಮುನ್ನ ಒಳಗೆ ಬಾರೆ

ಒಂದಕ್ಷರ ತಿಳಿಯದ ಆ ಮುದುಕರು ಧಾಟಿ ಹಿಡಿದು ಹಿಂದೆ ಹೇಳಿದರು. ಎಡಿತ್ ಎಲ್ಲಿಯೂ ಸಾಲು ಬಿಡಲಿಲ್ಲ.

ಮರುದಿನ ಬಸ್ಸು ಬಂತು. ಸ್ಕಾಟ್ಲೆಂಡಿನ ಕೋಟೆಗಳ ಫೋಟೋ ತೋರಿಸಿ, ನೀವು ಎಂಥದ್ದನ್ನೆಲ್ಲ ತಪ್ಪಿಸಿಕೊಂಡಿರಿ ಎಂದು ಎಲ್ಲರೂ ಮರುಗಿದರು. ಅತ್ತಿಗೆ "ಹೌದನ, ಹೌದನ" ಎನ್ನುತ್ತ ನಿದ್ದೆ ಮಾಡಿದಳು.

ನಮ್ಮ ಕೇರಿ, ಶುಕ್ರವಾರ ಸಂಜೆ

ಊರಿಗೆ ಬಂದ ಮೊದಲ ಶುಕ್ರವಾರ ಸೀರೆ ಬದಲಿಸಿ ಗುಡಿಗೆ ಹೊರಟೆ. ದಾರಿಯ ತಿರುವಿನಲ್ಲಿ ಕಾಲು ನಿಂತಿತು. ನನ್ನದೇ ದನಿ ಎದುರಿನಿಂದ ಬರುತ್ತಿತ್ತು.

ಗುಡಿಯ ಮಾಡಿಗೆ ಎರಡು ಹೊಸ ಸ್ಪೀಕರು ಕಟ್ಟಿದ್ದರು. ಅದರಲ್ಲಿ ನಾನು ಮುಂದೆ ಹೇಳುತ್ತಿದ್ದೆ, ನಮ್ಮ ಮಂಡಳಿ ಹಿಂದೆ ಹೇಳುತ್ತಿತ್ತು. ಸ್ಟುಡಿಯೋದವನು ಯಾವುದೋ ಕೀಬೋರ್ಡು ಸೇರಿಸಿದ್ದ. ಒಳಗೆ ಹೋದರೆ ಜಮಖಾನೆ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿತ್ತು. ಭಟ್ಟರು ಒಬ್ಬರೇ ದೀಪಕ್ಕೆ ಬತ್ತಿ ಹಾಕುತ್ತಿದ್ದರು. ಒಬ್ಬ ಹೆಂಗಸೂ ಇಲ್ಲ. ಎದುರು ಮನೆಯ ಭಾಗೀರಥಿ ಕಿಟಕಿಯಿಂದ ಕೂಗಿ ಹೇಳಿದಳು. "ಎಂತಕ್ಕೆ ಬಂದ್ಯೇ? ಈಗ ಪೆನ್‌ಡ್ರೈವ್ ಇದ್ದಲೇ."

ಗಣಪತಿ ಕಂಬದ ಹತ್ತಿರ ಸ್ವಿಚ್ಚುಬೋರ್ಡು ಒರೆಸುತ್ತ ನಿಂತಿದ್ದ. ನನ್ನ ಮುಖ ನೋಡಿ ಅವನಿಗೆ ಗೊತ್ತಾಯಿತು. "ಚಿಕ್ಕೀ, ಸಿಟ್ಟು ಮಾಡಡ. ಎಲ್ಲರಿಗೂ ವಯಸ್ಸಾತು. ಒಂದಿನ ಒಬ್ರು ಬತ್ವಿಲ್ಲೆ, ಒಂದಿನ ಒಬ್ರಿಗೆ ಗಂಟಲು ಇಲ್ಲೆ. ನಿಂಗಳ ದನಿ ಉಳಿಯವು ಹೇಳಿ ಮಾಡಿದ್ದು. ಮುಂದಿನ ಪೀಳಿಗೆಗೆ."

ಅವನ ಕೊರಳಲ್ಲಿ ಬಿಲ್ಲೆಯೊಂದು ಇರಲಿಲ್ಲ, ಅಷ್ಟೇ. ಒಳ್ಳೆಯ ಹುಡುಗ ಗಣಪತಿ. ಗುಡಿಯ ಹೆಂಚು ಹೊದೆಸಿದವನೂ ಅವನೇ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಆ ಮಹಾಶಯನ ಮೇಲೂ ಬಂದಿರಲಿಲ್ಲ, ಏಕೆಂದರೆ ಇವನಿಗೆ ತೊಟ್ಟಿಲಲ್ಲಿ ಇದೇ ಹಾಡು ಹಾಡಿದವಳು ನಾನು.

ಸ್ಪೀಕರಿನಲ್ಲಿ ನಾನು ಹೇಳುತ್ತಿದ್ದೆ, ಹೊಸ್ತಿಲಿಗೆ ನೀರೆರೆದು ಕಾದೆವೇ ತಾಯಿ. ಹಿಂದೆ ಹೇಳುವವರ ದನಿ ಬರುವ ಮೊದಲು ನಾನು ಪ್ಲಗ್ಗು ಕಿತ್ತೆ.

"ಚಿಕ್ಕೀ!" ಎಂದ ಗಣಪತಿ.

ಕೇರಿಯೆಲ್ಲ ಸುಮ್ಮನಾಯಿತು. ಕೀಬೋರ್ಡಿಲ್ಲ, ಏನಿಲ್ಲ. ನನ್ನ ಸಾಲು ಒಂಟಿಯಾಗಿ ನಿಂತಿತ್ತು. ನಾನು ಪ್ಲಗ್ಗು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಒಂದು ವೇಳೆ ಯಾರೂ ಹೇಳದಿದ್ದರೆ? ಪೆಟ್ಟಿಗೆ ಹೇಳುತ್ತದೆಂದು ಎಲ್ಲರ ಗಂಟಲೂ ಮರೆತುಬಿಟ್ಟಿದ್ದರೆ? ಆ ಮಂದಿರದಲ್ಲಿ ತಲೆ ತಗ್ಗಿಸಿ ಕುಳಿತ ಮುದುಕರು ಕಣ್ಣ ಮುಂದೆ ಬಂದರು.

ಮೊದಲು ಬಂದದ್ದು ಭಾಗೀರಥಿಯ ಅಡುಗೆಮನೆಯಿಂದ. ಪಾತ್ರೆ ತಿಕ್ಕುವ ಸದ್ದಿನ ನಡುವೆ, ಅವಳು ಯೋಚಿಸಿ ಹೇಳಿದ ಹಾಗೇ ಇರಲಿಲ್ಲ, ಹೊಸ್ತಿಲಿಗೆ ನೀರೆರೆದು ಕಾದೆವೇ ತಾಯಿ. ಆಮೇಲೆ ಆಚೆ ಮನೆಯ ಕೊಟ್ಟಿಗೆಯಿಂದ ಇನ್ನೊಂದು ದನಿ. ಗುಡಿಯ ಒಳಗೆ ಭಟ್ಟರು ಬತ್ತಿ ಹೊಸೆಯುತ್ತಲೇ ಗೊಣಗಿದರು. ಗಣಪತಿಯ ತುಟಿ ಅಲುಗಿದ್ದನ್ನು ನಾನು ನೋಡಿದೆ, ಅವನು ಆಮೇಲೆ ಇಲ್ಲವೆಂದರೂ ಸರಿಯೇ.

ನಾನು ಮುಂದಿನ ಸಾಲು ತೆಗೆದೆ. ಸಿಟ್ಟಿಗೆ ದನಿ ಏರಿಹೋಗಿತ್ತು. ಬಾಗಿಲಲ್ಲಿ ಊರುಗೋಲು ಕುಟ್ಟಿದ ಸದ್ದಾಯಿತು.

"ಶ್ರುತಿ ನೋಡ್ಕ ಹಿಡಿಯೇ ಸರೋಜಾ" ಎಂದಳು ಸುಶೀಲತ್ತಿಗೆ. "ಆ ಪೆಟ್ಟಿಗೆಲಿ ಇದ್ದಿದ್ದು ಇದ್ಕಿಂತ ಚೊಲೊ ಇತ್ತು." ಎಂದವಳು ಮೂಲೆಯ ಜಮಖಾನೆಯನ್ನು ಕೋಲಿನಿಂದಲೇ ಬಿಚ್ಚಿ, ಕುಳಿತು, ಹಿಂದೆ ಹೇಳಿದಳು.